ಎಲ್ಲರೂ ಕೂರುವ ಅಂಗಳ: ಕಾಸರಗೋಡಿನ ಗುಡ್ಡೆಯಲ್ಲಿ ಸಾರ್ವಜನಿಕ ಜಾಗ ರೂಪಿಸುವ ಕ್ರಮ

ಗ್ರಾಮ ಪಂಚಾಯತಿಗೆ ಹತ್ತು ಹದಿನೈದು ಸೆಂಟ್ಸ್ ಜಾಗ ಸಿಕ್ಕಿತೆಂದರೆ ನಕ್ಷೆ ಹೆಚ್ಚಾಗಿ ಮೊದಲೇ ತಯಾರಿರುತ್ತದೆ. ಸುತ್ತ ಕಂಪೌಂಡು, ಎದುರಿಗೊಂದು ಗೇಟು, ಒಳಗೆ ಇಂಟರ್‌ಲಾಕ್, ನಾಲ್ಕು ಸ್ಟೀಲ್ ಬೆಂಚು, ಉದ್ಘಾಟನೆಯ ಫಲಕ. ಎರಡು ಮಳೆಗಾಲ ಕಳೆಯುವಾಗ ಸಂಜೆ ಅಲ್ಲಿ ಕಾಣುವುದು ಬೈಕಿನಲ್ಲಿ ಬರುವ ಹುಡುಗರು ಮಾತ್ರ. ಪಕ್ಕದಲ್ಲೇ ಮನೆಯಿರುವ, ಕೊರಗ ಬುಡಕಟ್ಟಿನ ಹೆಂಗಸು ಬುಟ್ಟಿ ಹೆಣೆಯುವುದು ಈಗಲೂ ರಸ್ತೆ ಬದಿಯಲ್ಲಿ. ಎಂಡೋಸಲ್ಫಾನ್ ಕೀಟನಾಶಕದಿಂದ ಪೀಡಿತನಾದ ಮಗನನ್ನು ಎತ್ತಿಕೊಂಡು ಬಸ್ಸು ಕಾಯುವ ತಾಯಿಗೆ ಒಳಗೆ ಹೋಗಲು ಮೂರು ಮೆಟ್ಟಿಲು ಅಡ್ಡ. ಬೀಡಿ ಕಟ್ಟುವವರಿಗೆ ನೆರಳಿಲ್ಲ. ಜಾಗ ಎಲ್ಲರದ್ದೆಂದು ದಾಖಲೆಯಲ್ಲಿದೆ, ಬಳಕೆಯಲ್ಲಿಲ್ಲ.

ಎಣ್ಮಕಜೆ, ಬದಿಯಡ್ಕ, ಬೆಳ್ಳೂರು, ಕುಂಬ್ಡಾಜೆ, ಕಾರಡ್ಕದಂಥ ಗುಡ್ಡೆ ಪಂಚಾಯತಿಗಳ ವಾರ್ಡ್ ಸದಸ್ಯರು, ಓವರ್‌ಸಿಯರರು, ಕುಟುಂಬಶ್ರೀ ಮಹಿಳಾ ಸಂಘದವರು, ಲ್ಯಾಂಡ್‌ಸ್ಕೇಪ್ ವಿನ್ಯಾಸ ಕಲಿತು ಊರಿಗೆ ಮರಳಿದ ಯುವಕ ಯುವತಿಯರು ಈ ಕ್ರಮವನ್ನು ಹಾಗೆಯೇ ಅನುಸರಿಸಬಹುದು. ಇದರ ತಿರುಳು ಇಷ್ಟೇ: ಆ ಜಾಗದಲ್ಲಿ ಹೆಚ್ಚು ಹೊತ್ತು ಇರಬೇಕಾದವರ ಮಾತು ನಕ್ಷೆಯಲ್ಲಿ ಅಳತೆಯಾಗಿ, ಎಸ್ಟಿಮೇಟಿನಲ್ಲಿ ಐಟಂ ಆಗಿ, ಪಂಚಾಯತಿ ನಿರ್ಣಯದಲ್ಲಿ ಹಕ್ಕಾಗಿ ಬರಬೇಕು. ಬರೀ ಕೇಳಿಸಿಕೊಂಡರೆ ಏನೂ ಆಗುವುದಿಲ್ಲ. ಜನರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲ ಏಣಿಯಾಗಿ ವಿವರಿಸಿದ ಶೆರ್ರಿ ಆರ್ನ್‌ಸ್ಟೈನ್ 1969ರಲ್ಲೇ ಇದನ್ನು ಬರೆದಿದ್ದರು: ಸಭೆ ಕರೆದು ಅಭಿಪ್ರಾಯ ಕೇಳುವುದು ಮಧ್ಯದ ಮೆಟ್ಟಿಲು, ಅಲ್ಲಿ ಅಧಿಕಾರ ಇನ್ನೂ ಕೈಬದಲಾಗಿರುವುದಿಲ್ಲ.

ಮೊದಲು ಕಾಗದಪತ್ರ

ಜಾಗ ಖಚಿತವಾಗದೆ ಜನರನ್ನು ಸೇರಿಸಬೇಡಿ. ನಾಲ್ಕು ಸಲ ಆಸೆ ಹುಟ್ಟಿಸಿ ಕೈಬಿಟ್ಟ ಕಡೆ ಐದನೇ ಸಲ ಯಾರೂ ಬಾಯಿ ಬಿಡುವುದಿಲ್ಲ, ಅದು ಅವರ ತಪ್ಪಲ್ಲ. ವಿಲೇಜ್ ಆಫೀಸಿನಲ್ಲಿ ಸರ್ವೆ ನಂಬರು ತೆಗೆಸಿ ಪುರಂಬೋಕೋ (ಸರಕಾರಿ ಜಾಗ), ಪಂಚಾಯತಿಯದ್ದೋ, ಖಾಸಗಿ ದಾನವೋ ನೋಡಿ. ಜಾಗ ಬೈಲಿನ ಅಂಚಿನಲ್ಲಿದ್ದರೆ ಗದ್ದೆ ಮತ್ತು ಜೌಗು ಭೂಮಿ ರಕ್ಷಣೆಯ 2008ರ ಕೇರಳ ಕಾಯ್ದೆಯ ಡೇಟಾ ಬ್ಯಾಂಕಿನಲ್ಲಿ, ಅಂದರೆ ಅಂಥ ಜಮೀನುಗಳ ಪಟ್ಟಿಯಲ್ಲಿ, ಸೇರಿದೆಯೇ ಎಂದು ಕೃಷಿ ಭವನದಲ್ಲಿ ಕೇಳಿ. ಸೇರಿದ್ದರೆ ಮಣ್ಣು ತುಂಬಿಸಲು ಆಗದು. ಒಳಬರುವ ದಾರಿ ಯಾರ ಜಾಗದಲ್ಲಿ ಹೋಗುತ್ತದೆ ಎಂಬುದಂತೂ ಮುಖ್ಯ. ಖಾಸಗಿ ತೋಟದ ನಡುವಿನ ಕಾಲುದಾರಿಯಾದರೆ ನಾಳೆ ಅಲ್ಲಿ ತಂತಿಬೇಲಿ ಬೀಳಬಹುದು.

ಇನ್ನೊಂದನ್ನೂ ಈ ಹಂತದಲ್ಲೇ ಗಮನಿಸಿ: ಈ ವಸತಿಗೆ ಈ ಜಾಗವೇ ಯಾಕೆ ಸಿಕ್ಕಿತು? ವೆಸ್ಟ್ ಫಿಲಡೆಲ್ಫಿಯಾದ ಮಿಲ್ ಕ್ರೀಕ್ ಪ್ರದೇಶದಲ್ಲಿ 1987ರಿಂದ ಕೆಲಸ ಮಾಡಿದ ಆ್ಯನ್ ವಿಸ್ಟನ್ ಸ್ಪರ್ನ್, ಮನೆಗಳು ಕುಸಿದು ಖಾಲಿಬಿದ್ದ ನಿವೇಶನಗಳು ಹಿಂದೆ ಕೊಳವೆಯೊಳಗೆ ಹೂತುಹಾಕಿದ ಹೊಳೆಯ ಹಾದಿಯಲ್ಲೇ ಇವೆ ಎಂದು ತೋರಿಸಿದರು. ಅಲ್ಲಿ ವಾಸವಿದ್ದವರು ಬಡ ಕಪ್ಪು ಜನರು. ನಮ್ಮಲ್ಲೂ ಪರಿಶಿಷ್ಟ ವರ್ಗದವರ ವಸತಿಗಳು ಹಲವೆಡೆ ಕಡಿದಾದ ಗುಡ್ಡೆಯ ಓರೆಯಲ್ಲೋ, ಬಿಟ್ಟುಹೋದ ಕಲ್ಲು ಕೋರೆಯ ಬದಿಯಲ್ಲೋ, ತೋಡಿನ ಅಂಚಿನಲ್ಲೋ ಇವೆ. ಆದ್ದರಿಂದ ನಕ್ಷೆಯನ್ನು ಹದಿನೈದು ಸೆಂಟ್ಸಿಗೆ ನಿಲ್ಲಿಸಬೇಡಿ. ಮೇಲಿನ ಗುಡ್ಡೆಯ ನೀರು ಎಲ್ಲಿಂದ ಬರುತ್ತದೆ, ಕೆಳಗೆ ಯಾರ ಮನೆಗೆ ನುಗ್ಗುತ್ತದೆ ಎಂಬುದು ಅದರಲ್ಲಿ ಬರಲಿ.

ಯಾರು ಬರಲಿಲ್ಲ ಎಂಬ ಪಟ್ಟಿ

ಗ್ರಾಮಸಭೆಯ ಕೋರಂ ಮತದಾರರ ಶೇಕಡಾ 10. ಅಷ್ಟು ಜನ ಬಂದರೆ ಸಭೆ ಸಿಂಧು. ಆ ಹತ್ತರಲ್ಲಿ ಯಾರಿದ್ದಾರೆಂದು ಕಾನೂನು ಕೇಳುವುದಿಲ್ಲ, ನೀವು ಕೇಳಬೇಕು. ಜಾಗದ ಸುತ್ತ ಅರ್ಧ ಕಿಲೋಮೀಟರಿನ ಮನೆಗಳ ಪಟ್ಟಿಯನ್ನು ಎಸ್‌ಟಿ ಪ್ರೊಮೋಟರ್ (ಪರಿಶಿಷ್ಟ ವರ್ಗದವರ ವಸತಿಗಳ ಕ್ಷೇತ್ರ ಕಾರ್ಯಕರ್ತರು), ಆಶಾ ಕಾರ್ಯಕರ್ತೆ, ಅಂಗನವಾಡಿ ಶಿಕ್ಷಕಿ, ಮನೆಗಳ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯವರ ಜತೆ ಕೂತು ಮಾಡಿ. ಮನೆ ಮನೆಗೆ ಹೋಗುವವರು ಅವರೇ. ಪ್ರತಿ ಮನೆಯೆದುರು ಮೂರು ವಿಷಯ ಬರೆಯಿರಿ: ಹಗಲು ಮನೆಯಲ್ಲಿ ಇರುವವರು ಯಾರು, ನಡೆಯಲು ಕಷ್ಟವಿರುವವರು ಯಾರು, ಗ್ರಾಮಸಭೆಗೆ ಬಾರದವರು ಯಾರು. ಮೂರೂ ಕಡೆ ಬಂದ ಹೆಸರುಗಳೇ ನಿಮ್ಮ ಮೊದಲ ಸಲಹೆಗಾರರು. ಬಾಡಿಗೆ ಕೋಣೆಯಲ್ಲಿರುವ ಒಡಿಶಾ, ಬಂಗಾಳ, ಅಸ್ಸಾಮಿನ ಕೆಲಸಗಾರರ ಹೆಸರು ಪಟ್ಟಿಯಲ್ಲಿ ಬಿಟ್ಟುಹೋಗುತ್ತದೆ, ನೆನಪಿಟ್ಟು ಸೇರಿಸಿ.

ಅವರನ್ನು ಶಾಲೆಯ ಹಾಲ್‌ಗೆ ಕರೆಯುವುದಕ್ಕಿಂತ ನೀವೇ ಅವರ ಅಂಗಳಕ್ಕೆ ಹೋಗಿ. ಆರೆಂಟು ಜನರ ಗುಂಪು ಸಾಕು. ಹೆಂಗಸರದ್ದು ಬೇರೆ, ಹಿರಿಯರದ್ದು ಬೇರೆ, ಮಕ್ಕಳದ್ದು ಬೇರೆ. ಬೀಡಿ ಕಟ್ಟುವವರು ಬ್ರಾಂಚಿಗೆ ಬೀಡಿ ಕೊಡುವ ಹೊತ್ತು, ಕೂಲಿಗೆ ಹೋಗುವವರು ಮರಳುವ ಹೊತ್ತು ತಿಳಿದುಕೊಂಡೇ ಸಮಯ ಇಡಿ. ಹಗಲು ಕರೆಯಲೇಬೇಕಾದರೆ ಅರ್ಧ ದಿನದ ಕೂಲಿಯನ್ನು ವಿನ್ಯಾಸದ ಖರ್ಚಿನಲ್ಲಿ ಸೇರಿಸಿ ಕೊಡಿ. ಇಂಜಿನಿಯರನ ಸಮಯಕ್ಕೆ ಸಂಬಳವಿದೆ. ಜಾಗವನ್ನು ಅವರಿಗಿಂತ ಚೆನ್ನಾಗಿ ಬಲ್ಲವರ ಸಮಯ ಪುಕ್ಕಟೆ ಎಂದುಕೊಳ್ಳುವುದು ಅನ್ಯಾಯ.

ಮಾತು ತುಳುವಿನಲ್ಲೋ, ಮಲಯಾಳದಲ್ಲೋ, ಬ್ಯಾರಿಯಲ್ಲೋ, ಮರಾಟಿಯಲ್ಲೋ ನಡೆಯಲಿ. ಕೊರಗರಿಗೆ ತಮ್ಮದೇ ಭಾಷೆಯಿದೆ. ಅವರು ತಮ್ಮೊಳಗೆ ಅದರಲ್ಲಿ ಮಾತಾಡಿಕೊಳ್ಳಲು ನಡುವೆ ಹತ್ತು ನಿಮಿಷ ಬಿಟ್ಟುಕೊಡಿ. ಟಿಪ್ಪಣಿ ಕನ್ನಡದಲ್ಲಿರಲಿ. ಕೇರಳದ ಅಧಿಕೃತ ಭಾಷಾ ಕಾಯ್ದೆ (1969) ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಂದಿಗೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡಲು, ಉತ್ತರವನ್ನೂ ಕನ್ನಡದಲ್ಲಿ ಪಡೆಯಲು ಅವಕಾಶ ಕೊಟ್ಟಿದೆ. ಆದ್ದರಿಂದ ಮಲಯಾಳದಲ್ಲಿ ಮಾತ್ರ ಬರೆದ ನಕ್ಷೆಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದನ್ನು ಒಪ್ಪಬೇಡಿ. ತಲೆಬರಹದಲ್ಲಿ ಜಾಗದ ಹೆಸರು ಅಲ್ಲಿನವರು ಹೇಳಿದಂತೆ ಬರಲಿ. ಪರಿಶಿಷ್ಟರ ವಸತಿಗಳಿಗಿಟ್ಟಿದ್ದ ‘ಕಾಲನಿ’ ಎಂಬ ಹೆಸರನ್ನು ಕೈಬಿಡಲು ಕೇರಳ ಸರಕಾರ 2024ರ ಜೂನ್‌ನಲ್ಲೇ ಆದೇಶ ಹೊರಡಿಸಿದೆ.

“ನಿಮಗೆ ಏನು ಬೇಕು?” ಎಂದು ಮಾತ್ರ ಕೇಳಬೇಡಿ. “ನೀವು ಹೇಳಿದ ಹಾಗೆ” ಎಂಬ ಉತ್ತರ ಬರುತ್ತದೆ. ತಲೆಮಾರುಗಳಿಂದ ದೊಡ್ಡವರೆದುರು ಹಾಗೆ ಹೇಳಿಯೇ ಬದುಕಿದವರಿಗೆ ಅದು ರಕ್ಷಣೆಯ ಮಾತು, ಒಪ್ಪಿಗೆಯಲ್ಲ. ನಿಜವಾದ ಕೆಲಸದ ಬಗ್ಗೆ ಕೇಳಿ. ಬಳ್ಳಿ ಎಲ್ಲಿಂದ ತರುತ್ತೀರಿ? ಸೀಳಿದ ಬಿದಿರು ಎಲ್ಲಿ ಒಣಗಿಸುತ್ತೀರಿ? ಕತ್ತಲಾದ ಮೇಲೆ ಯಾವ ದಾರಿಯಲ್ಲಿ ಬರುವುದಿಲ್ಲ? ಯಾವ ಬಾವಿ, ಯಾವ ಕಟ್ಟೆ, ಯಾವ ಅಂಗಡಿಯ ಎದುರು ನಿಲ್ಲುವುದಿಲ್ಲ? ಕೊನೆಯ ಎರಡು ಪ್ರಶ್ನೆಗಳನ್ನು ಊರ ಗಣ್ಯರಿರುವ ಸಭೆಯಲ್ಲಿ ಕೇಳಲೇಬಾರದು. ಉತ್ತರವನ್ನೂ ಹೆಸರು ಸಮೇತ ಬರೆದಿಡಬಾರದು. ದಾರಿಯ ಗೆರೆ ಮಾತ್ರ ನಕ್ಷೆಗೆ ಬರಲಿ.

ನೆಲದಲ್ಲೇ ಗೆರೆ

ಕಾಗದ ಬಿಚ್ಚಿದರೆ ಓದಲು ಬರುವವರ ಕೈಗೆ ಪೆನ್ನು ಹೋಗುತ್ತದೆ. ಅದರ ಬದಲು ಅಂಗಳದಲ್ಲಿ ರಂಗೋಲಿ ಪುಡಿ, ಗೆರಟೆ, ಹುಣಸೆ ಬೀಜ, ಎಲೆ ಇಟ್ಟು ಊರಿನ ನಕ್ಷೆ ಹಾಕಿಸಿ. ಗೆರಟೆ ಮನೆ, ಬೀಜ ನೀರು ತರುವ ಜಾಗ, ಎಲೆ ನೆರಳು. ಈವರೆಗೆ ಮಾತಾಡದವರ ಕೈಗೆ ಕೋಲು ಕೊಡಿ, ಉಳಿದವರು ಕೂತಿರಲಿ. ಮುಗಿದ ಮೇಲೆ ಫೋಟೋ ತೆಗೆದು ಒಂದು ಪ್ರತಿ ಅವರಿಗೇ ಕೊಡಿ.

ಮತ್ತೆ ಜಾಗಕ್ಕೇ ಹೋಗಿ ಬೆಳಿಗ್ಗೆ ಆರು, ಮಧ್ಯಾಹ್ನ ಒಂದು, ಸಂಜೆ ಆರೂವರೆಗೆ ತಲಾ ಒಂದು ಗಂಟೆ ಸುಮ್ಮನೆ ನೋಡಿ. ಸಾಧ್ಯವಿದ್ದರೆ ಜೂನ್-ಜುಲೈಯ ಮಳೆಯಲ್ಲಿ ಒಮ್ಮೆ, ಏಪ್ರಿಲ್ ಬಿಸಿಲಲ್ಲಿ ಒಮ್ಮೆ. ಅಮೆರಿಕದ ಮ್ಯಾಂಟಿಯೊ ಎಂಬ ಸಣ್ಣ ಊರಿನಲ್ಲಿ 1980ರ ಸುಮಾರಿಗೆ ಕೆಲಸ ಮಾಡಿದ ರ‍್ಯಾಂಡಾಲ್ಫ್ ಹೆಸ್ಟರ್ ಪ್ರಶ್ನಾವಳಿಯ ಜತೆಗೆ ಹೀಗೆ ಕೂತು ನೋಡಿದಾಗಲೇ ಅಂಚೆ ಕಚೇರಿ, ಊರ ಹೋಟೆಲಿನಂಥ ಸಾಮಾನ್ಯ ಜಾಗಗಳಿಗೆ ಜನ ಎಷ್ಟು ಅಂಟಿಕೊಂಡಿದ್ದಾರೆಂದು ಗೊತ್ತಾದದ್ದು. ನಿಮ್ಮ ಜಾಗದಲ್ಲಿ ಅಂಥದ್ದು ಒಂದು ಗೇರು ಮರದ ಬುಡವಿರಬಹುದು, ಬಟ್ಟೆ ಒಗೆಯುವ ಬಂಡೆಯಿರಬಹುದು. ಅದನ್ನು ಮೊದಲು ಗುರುತಿಸಿ. ಜೆಸಿಬಿ ಬಂದ ಮೇಲೆ ಉಳಿಯುವುದಿಲ್ಲ.

ಕಟ್ಟೆಯೊಂದು ಸಾಲದು

ಪಾರ್ಕ್ ಎಂದ ಕೂಡಲೇ ಮರಕ್ಕೆ ಕಟ್ಟೆ ಕಟ್ಟುವುದು ರೂಢಿ. ಇಲ್ಲಿ ಸ್ವಲ್ಪ ನಿಲ್ಲಿ. ಕರಾವಳಿಯ ಕಟ್ಟೆಯಲ್ಲಿ ಮೇಲೆ ಯಾರು ಕೂರಬೇಕು, ಕೆಳಗೆ ಯಾರು ನಿಲ್ಲಬೇಕು ಎಂಬ ಲೆಕ್ಕ ಇತ್ತು. ಅಜಲಿನ ಹೆಸರಿನಲ್ಲಿ ಕೊರಗರನ್ನು ಅವಮಾನಿಸುತ್ತಿದ್ದ ಪದ್ಧತಿಯನ್ನು ಪಕ್ಕದ ಕರ್ನಾಟಕ 2000ನೇ ಇಸವಿಯಲ್ಲಿ ಕಾಯ್ದೆ ಮಾಡಿ ನಿಷೇಧಿಸಬೇಕಾಯಿತು. ಆ ನೆನಪು ಇನ್ನೂ ಇರುವ ಕಡೆ ಎರಡು ಮೆಟ್ಟಿಲು ಹತ್ತಿ ಕೂರುವ ಕಟ್ಟೆ ಎಲ್ಲರದ್ದಾಗುವುದಿಲ್ಲ. ಗಾಲಿಕುರ್ಚಿಯವರಿಗಂತೂ ಅದು ಗೋಡೆಯೇ.

ಒಂದೇ ದೊಡ್ಡ ಕಟ್ಟೆಯ ಬದಲು ಒಂದೇ ಮಟ್ಟದ ನೆಲದಲ್ಲಿ ನಾಲ್ಕೈದು ಸಣ್ಣ ಆಸನ ಮಾಡಿ. ಎತ್ತರ 45 ಸೆಂಟಿಮೀಟರ್, ಅಗಲ 45. ಅರ್ಧದಷ್ಟಕ್ಕಾದರೂ ಬೆನ್ನಾಸರೆ ಮತ್ತು ಕೈಹಿಡಿ ಇರಲಿ, ಮಂಡಿನೋವಿನವರು ಏಳುವುದು ಕೈಯೂರಿಯೇ. ಪ್ರತಿ ಆಸನದ ಪಕ್ಕ 90 ಸೆಂಟಿಮೀಟರ್ ಅಗಲ, 1.2 ಮೀಟರ್ ಉದ್ದದ ಖಾಲಿ ನೆಲ ಬಿಟ್ಟರೆ ಗಾಲಿಕುರ್ಚಿ ಸಾಲಿನೊಳಗೇ ನಿಲ್ಲುತ್ತದೆ. ಮಲಗಿಸಿಯೇ ಕರೆತರಬೇಕಾದ ಮಕ್ಕಳಿಗೆ, ದೊಡ್ಡವರಿಗೆ 1.8 ಮೀಟರ್ ಉದ್ದ, 75 ಸೆಂಟಿಮೀಟರ್ ಅಗಲದ ಒಂದು ಬೆಂಚು ನೆರಳಲ್ಲಿ ಬೇಕು. ಇಷ್ಟೇ ದೊಡ್ಡ ಇನ್ನೊಂದನ್ನು ಶೌಚಾಲಯದೊಳಗೂ ಇಡಿ. ಬೆಳೆದ ಮಗನ ಬಟ್ಟೆ ಬದಲಿಸಲು ಒದ್ದೆ ನೆಲವೇ ಗತಿ ಎಂಬ ಕಾರಣಕ್ಕೆ ಮನೆಯಿಂದ ಹೊರಡದ ತಾಯಂದಿರಿದ್ದಾರೆ.

ಬುಟ್ಟಿ ಹೆಣೆಯುವವರು ಬೆಂಚಿನಲ್ಲಿ ಕೂತು ಕೆಲಸ ಮಾಡುವುದಿಲ್ಲ. ಹೆಣೆಯುವವರೊಬ್ಬರನ್ನು ಕೆಲಸದ ಸಾಮಾನು ಸಮೇತ ನೆಲದ ಮೇಲೆ ಕೂರಲು ಕೇಳಿಕೊಳ್ಳಿ. ಚಾಚಿದ ಕಾಲು, ಬಲಗೈಯ ಕತ್ತಿ, ಎಡಗಡೆಯ ಬಳ್ಳಿಯ ಸುತ್ತು, ಎದುರಿಗಿಟ್ಟ ಅರ್ಧ ಬುಟ್ಟಿ, ಎಲ್ಲದರ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಆಮೇಲೆ ಉದ್ದದ ಬಿದಿರೊಂದನ್ನು ಸೀಳಿಸಿ, ತುದಿ ಎಲ್ಲಿವರೆಗೆ ಹೋಗುತ್ತದೆ ನೋಡಿ. ಒಬ್ಬರಿಗೆ 2 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, ಜತೆಗೆ ಒಂದು ಬದಿಗೆ 3 ಮೀಟರ್ ತೆರೆದ ಜಾಗ ಎಂದು ಹಿಡಿದು ಶುರುಮಾಡಿ, ಗೆರೆ ಹೆಚ್ಚು ತೋರಿಸಿದರೆ ಗೆರೆಯೇ ಸರಿ. ಮಾಡಿನ ಚಾಚು 1.2 ಮೀಟರಿಗಿಂತ ಕಡಿಮೆಯಾದರೆ ಜುಲೈಯ ಇರಚಲು ಒಳಗೆ ಬರುತ್ತದೆ. ಬಳ್ಳಿ ನೆನೆಹಾಕಲು 2 ಮೀಟರ್ ಉದ್ದ, 60 ಸೆಂಟಿಮೀಟರ್ ಅಗಲ, 45 ಆಳದ ತೊಟ್ಟಿ ಸಾಕು. ತಳದಲ್ಲಿ ನೀರು ಬಿಡುವ ಪ್ಲಗ್ ಇರಲೇಬೇಕು. ವಾರಕ್ಕೊಮ್ಮೆ ಖಾಲಿ ಮಾಡದಿದ್ದರೆ ಡೆಂಗಿ ಸೊಳ್ಳೆಯ ದೂರು ಬಂದು, ಸೊಳ್ಳೆಯ ನೆಪದಲ್ಲಿ ತೊಟ್ಟಿಯನ್ನೇ ಒಡೆಸುತ್ತಾರೆ.

ಓರೆ, ನೀರು, ಹಾವಸೆ

ಮುರಕಲ್ಲು ಮೇಲೆ ಗಟ್ಟಿ, ಅದರಡಿಯ ಶೇಡಿ ಮಣ್ಣು ಮಳೆ ಕುಡಿದರೆ ಜಾರುತ್ತದೆ. ಗುಡ್ಡೆಯನ್ನು ನೇರಕ್ಕೆ ಕಡಿದು ಸಮತಟ್ಟು ಮಾಡುವ ಚಪಲದಿಂದಲೇ ಹೆಚ್ಚಿನ ಕುಸಿತ. ಒಂದು ದೊಡ್ಡ ತಟ್ಟಿನ ಬದಲು ಅರ್ಧ ಅರ್ಧ ಮೀಟರಿನ ಎರಡು ಮೂರು ತಟ್ಟು ಮಾಡಿ. ಮುರಕಲ್ಲಿನ ತಡೆಗೋಡೆ ಒಂದು ಮೀಟರ್ ಒಳಗೇ ಇರಲಿ, ಪ್ರತಿ 30 ಸೆಂಟಿಮೀಟರ್ ಎತ್ತರಕ್ಕೆ 5 ಸೆಂಟಿಮೀಟರ್ ಗುಡ್ಡೆಯತ್ತ ವಾಲಲಿ. ಹಿಂದೆ ಜಲ್ಲಿ ತುಂಬಿಸಿ, ಒಂದೂವರೆ ಮೀಟರಿಗೊಂದರಂತೆ ನೀರು ಬಸಿಯುವ ಪೈಪು ಇಡಿ. ಅದಕ್ಕಿಂತ ಎತ್ತರ ಬೇಕಾದರೆ ಇಂಜಿನಿಯರ್ ಲೆಕ್ಕ ಹಾಕಿಯೇ ಕಟ್ಟಬೇಕು.

ಅಗೆಯುವ ಮೊದಲು ಆಸುಪಾಸಿನಲ್ಲಿ ನೀರಿಗಾಗಿ ಗುಡ್ಡೆಯೊಳಗೆ ಅಡ್ಡಕ್ಕೆ ಕೊರೆದ ಸುರಂಗವಿದೆಯೇ ಎಂದು ಹಿರಿಯರಲ್ಲಿ ಕೇಳಿ, ಅದು ಸಾಗುವ ದಿಕ್ಕಿಗೆ ನೆಲದ ಮೇಲೆ ಸುಣ್ಣದ ಗೆರೆ ಹಾಕಿ. ಆ ಗೆರೆಯ ಮೇಲೆ ಲಾರಿ ಓಡಿಸುವುದು, ಮಣ್ಣು ಹೇರುವುದು ಬೇಡ. ಶೌಚಾಲಯದ ಗುಂಡಿ ಬಾವಿ, ಸುರಂಗಗಳಿಂದ ಕೆಳಬದಿಗೆ, 15 ಮೀಟರಾದರೂ ದೂರವಿರಲಿ. ಮುರಕಲ್ಲಿನ ಸಂದಿಗಳಲ್ಲಿ ಕೊಳೆ ಬಹಳ ಬೇಗ ಸಾಗುತ್ತದೆ. ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಹದಿನೈದು ಸೆಂಟ್ಸಿನ ಮೇಲೆ ಬೀಳುವ ನೀರೇ 21 ಲಕ್ಷ ಲೀಟರ್. ಅದನ್ನೆಲ್ಲ ಚರಂಡಿಗೆ ಬಿಟ್ಟರೆ ಕೆಳಗಿನ ಮನೆಯವರ ಹಿತ್ತಿಲು ಹೋಗುತ್ತದೆ, ಇಂಗಿಸಿದರೆ ಅದೇ ಮನೆಯ ಬಾವಿಗೆ ಏಪ್ರಿಲ್‌ನಲ್ಲಿ ಸ್ವಲ್ಪವಾದರೂ ಆಧಾರ. ಕಡಿದಾದ ಓರೆಯಲ್ಲಿ ಮಾತ್ರ ಇಂಗುಗುಂಡಿ ತೋಡಬೇಡಿ, ಕುಸಿತಕ್ಕೆ ದಾರಿ.

ಇಳಿಜಾರು ದಾರಿಗೆ ಕಡಿದೆಂದರೆ 1:12. ಅರುವತ್ತು ಸೆಂಟಿಮೀಟರ್ ಏರಲು 7.2 ಮೀಟರ್ ಉದ್ದ ಬೇಕು, ಮೇಲೂ ಕೆಳಗೂ ಒಂದೂವರೆ ಮೀಟರ್ ಸಮತಟ್ಟು ಬೇರೆ. ಜಾಗವಿದ್ದರೆ 1:15 ಮಾಡಿ, ಆಗ 9 ಮೀಟರ್. ಗಾಲಿಕುರ್ಚಿ ತಳ್ಳುವವರು ಹೆಚ್ಚಾಗಿ ವಯಸ್ಸಾದ ತಾಯಿಯೇ ಎಂಬುದನ್ನು ಮರೆಯಬೇಡಿ. ಅಗಲ 1.2 ಮೀಟರಿಗೆ ಕಡಿಮೆಯಾಗಬಾರದು, ಎರಡೂ ಬದಿ 76 ಮತ್ತು 90 ಸೆಂಟಿಮೀಟರ್ ಎತ್ತರದಲ್ಲಿ ಕೈಹಿಡಿ, ಅಂಚಿನಲ್ಲಿ ಗಾಲಿ ಜಾರದಂತೆ 10 ಸೆಂಟಿಮೀಟರ್ ದಿಂಡು. ಚರಂಡಿಯ ಜಾಲರಿಯ ಸಂದು 12 ಮಿಲಿಮೀಟರ್ ಮೀರಬಾರದು, ಸರಳು ನಡೆಯುವ ದಿಕ್ಕಿಗೆ ಅಡ್ಡಕ್ಕಿರಬೇಕು.

ನೆಲಕ್ಕೆ ಇಂಟರ್‌ಲಾಕ್ ಬೇಡ ಎನ್ನಲು ಕಾರಣವಿದೆ. ತಳ ಸರಿಯಾಗಿ ಗುದ್ದದೆ ಹಾಕಿದರೆ ಎರಡನೇ ಮಳೆಗೆ ಅಲ್ಲಲ್ಲಿ ತಗ್ಗುತ್ತದೆ, ಸಂದಿಯಲ್ಲಿ ಹಾವಸೆ (ಪಾಚಿ) ಕಟ್ಟುತ್ತದೆ, ಗಾಲಿಕುರ್ಚಿ ಕುಲುಕುತ್ತದೆ. ಮುಖ್ಯ ದಾರಿಗೆ 10 ಸೆಂಟಿಮೀಟರ್ ದಪ್ಪ ಕಾಂಕ್ರೀಟ್ ಹಾಕಿ, ಮೂರು ಮೀಟರಿಗೊಂದು ಬಿರುಕು ಸಂದು ಬಿಟ್ಟು, ನೀರಿಳಿಯಲು ಅಡ್ಡಕ್ಕೆ 1:50 ಓರೆ ಕೊಡಿ. ಅರ್ಧ ಬಿಗಿದಾಗ ಹಿಡಿಸೂಡಿಯಿಂದ ಅಡ್ಡಗೆರೆ ಎಳೆಸಿ. ನುಣುಪು ಸಿಮೆಂಟು ಒರೆಸಿಯೇ ಅಭ್ಯಾಸವಾದ ಮೇಸ್ತ್ರಿಗಳಿಗೆ ಇದು ಅರೆಬರೆ ಕೆಲಸದಂತೆ ಕಾಣುತ್ತದೆ, ಪಕ್ಕದಲ್ಲಿ ನಿಂತು ಮಾಡಿಸಿ. ಉಳಿದ ಕಡೆ ಮಣ್ಣೇ ಇರಲಿ.

ಬೇಲಿ, ಬೆಳಕಿನ ವಿಷಯ ಚುಟುಕಾಗಿ: ಗೋಡೆ 60 ಸೆಂಟಿಮೀಟರ್ ಮೀರದಿರಲಿ, ಹೊರಹೋಗಲು ಎರಡು ದಾರಿ ಇರಲಿ, 12ರಿಂದ 15 ಮೀಟರಿಗೊಂದು ದೀಪ, ದಾರಿ ಬದಿಯ ಪೊದೆ ಮೊಣಕಾಲಿನೆತ್ತರ. ಶೌಚಾಲಯದ ಕೀಲಿ ಪಂಚಾಯತಿ ಆಫೀಸಿನಲ್ಲಿ ತೂಗಿದರೆ ಶೌಚಾಲಯ ಇಲ್ಲವೆಂದೇ ಅರ್ಥ. ಪಕ್ಕದ ಮನೆಯವರ ಹೆಸರಿಗೆ ಕೀಲಿ, ಶುಚಿ ಮಾಡುವವರಿಗೆ ಸಂಬಳ, ಎರಡನ್ನೂ ಬರೆದಿಡಿ.

ಗಿಡ ಯಾರದ್ದು, ಕಡಿಯುವವರು ಯಾರು

ಹುಲ್ಲುಹಾಸು ಬೇಡವೇ ಬೇಡ. ಜನವರಿಯಿಂದ ಮೇವರೆಗೆ ಅದಕ್ಕೆ ಸುರಿಯುವ ನೀರು ಯಾರದೋ ಕೊಡದ ನೀರು. ಅಕೇಶಿಯಾವೂ ಬೇಡ. ನೆರಳಿಗೆ ನೇರಳೆ, ರೆಂಜೆ, ಹಲಸು; ಅಂಚಿಗೆ ಪುನರ್ಪುಳಿ, ಕೇಪಳ, ನೆಕ್ಕಿ. ಜೋರು ಮಳೆ ಹಿಡಿಯುವ ಮೊದಲೇ ಪಿಕ್ಕಾಸಿನಿಂದ ಮುರಕಲ್ಲು ಒಡೆದು 90 ಸೆಂಟಿಮೀಟರ್ ಉದ್ದ, ಅಗಲ, ಆಳದ ಗುಂಡಿ ತೆಗೆಯಿರಿ. ಮೇಲ್ಮಣ್ಣು, ಹಟ್ಟಿಗೊಬ್ಬರ, ತರಗೆಲೆ ತುಂಬಿಸಿ, ಜೂನ್‌ನಲ್ಲಿ ನೆಲ ಚೆನ್ನಾಗಿ ನೆನೆದ ಮೇಲೆ ನೆಡಿ. ಗುಂಡಿ ಸಣ್ಣದಾದರೆ ಬೇರು ಕಲ್ಲಿಗೆ ತಾಗಿ ಮೂರನೇ ವರ್ಷ ಗಿಡ ನಿಂತಲ್ಲೇ ನಿಲ್ಲುತ್ತದೆ.

ಬಿದಿರು, ಓಟೆ, ಹೆಣೆಯುವವರು ತೋರಿಸಿಕೊಟ್ಟ ಕಾಡುಬಳ್ಳಿಗಳನ್ನು ನೆಡುವಾಗ ಹಿಂಡಿನಿಂದ ಹಿಂಡಿಗೆ 5 ಮೀಟರ್ ಅಂತರ ಕೊಡಿ, ಕಟಾವಿಗೆ ನಾಲ್ಕೈದು ವರ್ಷ ಕಾಯಬೇಕು. ನೆಡುವುದಕ್ಕಿಂತ ದೊಡ್ಡ ಕೆಲಸ ಇನ್ನೊಂದಿದೆ. “ಈ ಬಿದಿರು, ಬಳ್ಳಿಯನ್ನು ಇಂಥ ವಸತಿಯ ಬುಟ್ಟಿ ಹೆಣೆಯುವ ಕುಟುಂಬಗಳು ಶುಲ್ಕವಿಲ್ಲದೆ ಕಡಿಯಬಹುದು” ಎಂದು ಪಂಚಾಯತಿ ಆಡಳಿತ ಸಮಿತಿಯಲ್ಲಿ ನಿರ್ಣಯ ಮಾಡಿಸಿ, ಫಲಕದಲ್ಲಿ ಬರೆಸಿ. ನಿರ್ಣಯವಿಲ್ಲದಿದ್ದರೆ ಐದು ವರ್ಷ ಕಳೆದು, ಸದಸ್ಯರು ಬದಲಾದ ಮೇಲೆ, ಅದೇ ಬಿದಿರು ಕಡಿದವರ ಮೇಲೆ ಕಳವಿನ ದೂರು ಹೋಗುತ್ತದೆ.

ನಿರ್ವಹಣೆಯ ಕರಾರಿನಲ್ಲಿ ಕಳೆನಾಶಕ, ಕೀಟನಾಶಕ ಸಿಂಪಡಿಸಬಾರದೆಂಬ ಸಾಲು ಕಡ್ಡಾಯ. ಗೇರು ತೋಟಗಳ ಮೇಲೆ 2000ನೇ ಇಸವಿಯವರೆಗೆ ಸುಮಾರು ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ನೆಲವಿದು. ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆದದ್ದು 2011ರಲ್ಲಿ. ಇಲ್ಲಿ ಹುಲ್ಲನ್ನು ಕತ್ತಿಯಲ್ಲಿ ತೆಗೆಸಿ, ತೆಗೆದವರಿಗೆ ಕೂಲಿ ಕೊಡಿ.

ನಕ್ಷೆ ಮರಳಿ ಜನರ ಬಳಿಗೆ, ಆಮೇಲೆ ಎಸ್ಟಿಮೇಟು

ನಕ್ಷೆ ತಯಾರಾದ ಮೇಲೆ ಜಾಗದಲ್ಲೇ ಹಗ್ಗ, ಗೂಟ, ಸುಣ್ಣದಿಂದ ನಿಜ ಅಳತೆಯಲ್ಲಿ ಗೆರೆ ಹಾಕಿ ಎಲ್ಲರನ್ನೂ ನಡೆಸಿ. ಗಾಲಿಕುರ್ಚಿ ತಿರುಗಲು ಒಂದೂವರೆ ಮೀಟರ್ ಸಿಗುತ್ತದೆಯೇ, ಹೆಣೆಯುವವರಿಗೆ ಬಿದಿರಿನ ತುದಿ ಗೋಡೆಗೆ ತಾಗುತ್ತದೆಯೇ ಅಲ್ಲೇ ಗೊತ್ತಾಗುತ್ತದೆ. ಗೂಟ ಸರಿಸುವುದಕ್ಕೆ ಖರ್ಚಿಲ್ಲ. ಜತೆಗೆ ಒಂದು ಹಾಳೆ ಮಾಡಿ, ಮೂರು ಕಾಲಂ: ಜನ ಹೇಳಿದ್ದು, ನಕ್ಷೆಯಲ್ಲಿ ಬಂದದ್ದು, ಬಾರದಿದ್ದರೆ ಕಾರಣ. ಅದನ್ನು ಅಂಗನವಾಡಿಯಲ್ಲಿ ಅಂಟಿಸಿ, ಓದಲು ಬಾರದವರಿಗೆ ಓದಿ ಹೇಳಿ. ಕಾರಣದ ಕಾಲಂನಲ್ಲಿ “ಸಾಧ್ಯವಿಲ್ಲ” ಎಂದಷ್ಟೇ ಬರೆಯುವಂತಿಲ್ಲ. ಪರಿಶಿಷ್ಟ ವರ್ಗದವರ ವಸತಿಯಾದರೆ ಊರುಕೂಟದಲ್ಲಿ (ಆ ವಸತಿಯವರದೇ ಸಭೆ), ಆಮೇಲೆ ಗ್ರಾಮಸಭೆಯಲ್ಲಿ ನಿರ್ಣಯ ತೆಗೆದುಕೊಂಡೇ ಪಂಚಾಯತಿಯ ಯೋಜನೆ ತಯಾರಿಸುವ ಕಾರ್ಯಗುಂಪಿಗೆ ಕಳುಹಿಸಿ.

ಹಣ ಕಡಿಮೆ ಬಿದ್ದಾಗ ಮೊದಲು ಹಾರಿಹೋಗುವುದು ಕೈಹಿಡಿ, ನೆರಳಿನ ಮಾಡು, ಗಿಡಕ್ಕೆ ನೀರು. ಇವನ್ನು ‘ಹೆಚ್ಚುವರಿ’ ಎಂದು ಕೊನೆಯಲ್ಲಿ ಬರೆಯದೆ, ಇಳಿಜಾರು ದಾರಿಯ ಐಟಂನೊಳಗೇ ಕೈಹಿಡಿಯನ್ನು, ನೆಡುವ ಐಟಂನೊಳಗೇ ಎರಡು ಬೇಸಿಗೆಯ ನೀರನ್ನು ಸೇರಿಸಿ. ಬುಡಕಟ್ಟು ಉಪಯೋಜನೆಯ ಹಣವಾದರೆ ಅದರ ಲಾಭ ಯಾರಿಗೆಂದು ಮನೆಗಳ ಸಂಖ್ಯೆ ಸಮೇತ ಬರೆಯಿರಿ. ವಸತಿಯ ಬದಿಯಲ್ಲಿ ಹಾದು ಬೇರೆಯವರ ತೋಟಕ್ಕೆ ಹೋಗುವ ರಸ್ತೆಗೆ ಆ ಹಣ ಸೇರದಂತೆ ತಡೆಯಲು ಇದೊಂದೇ ದಾಖಲೆ. ಬಿದಿರಿನ ತಟ್ಟಿ, ಹೆಣಿಗೆಯ ಮರೆ ಮಾಡಿಸಿದರೆ ಆ ಕೆಲಸಕ್ಕೆ ಮೇಸ್ತ್ರಿಯ ಕೂಲಿ ಹಾಕಿ, ಸಹಾಯಕನದ್ದಲ್ಲ.

ತೆರೆದ ಮೇಲೆ ಎರಡು ಬೇಸಿಗೆ

ನೋಡಿಕೊಳ್ಳುವ ಸಮಿತಿಯಲ್ಲಿ ಅರ್ಧಕ್ಕರ್ಧ ಆ ವಸತಿಯವರೇ ಇರಲಿ, ಸಹಿ ಮಾಡುವ ಅಧಿಕಾರ ಅವರಲ್ಲೊಬ್ಬ ಹೆಂಗಸಿಗೂ ಇರಲಿ. ಮೇಯಲ್ಲಿ ಚರಂಡಿ, ಬಸಿಪೈಪು ಬಿಡಿಸಿ. ಸೆಪ್ಟೆಂಬರಿನಲ್ಲಿ ಹಾವಸೆ ಉಜ್ಜಿಸಿ, ಗೋಡೆಯಲ್ಲಿ ಬಿರುಕು ನೋಡಿ. ತೆರೆದು ಮೂರು ತಿಂಗಳಾದಾಗ, ಒಂದು ವರ್ಷವಾದಾಗ, ಮೊದಲು ಕೂತ ಅದೇ ಹೊತ್ತುಗಳಲ್ಲಿ ಮತ್ತೆ ಕೂತು ಬಂದವರನ್ನು ಎಣಿಸಿ: ಹೆಂಗಸರು, ಮಕ್ಕಳು, ಗಾಲಿಕುರ್ಚಿಯವರು, ಹೆಣೆಯುವವರು, ಹೊರರಾಜ್ಯದ ಕೆಲಸಗಾರರು. ಆರಂಭದ ಮನೆಪಟ್ಟಿಯ ಜತೆ ಹೋಲಿಸಿದರೆ ಯಾರು ಬರುತ್ತಿಲ್ಲವೆಂದು ತಿಳಿಯುತ್ತದೆ. ಅವರ ಮನೆಗೆ ಹೋಗಿ ಕೇಳಿ. ಕಾರಣ ಹೆಚ್ಚಾಗಿ ಸಣ್ಣದಿರುತ್ತದೆ, ಉರಿಯದ ದೀಪ, ದಾರಿಗಡ್ಡ ನಿಲ್ಲಿಸಿದ ಬೈಕು, ಯಾರೋ ಆಡಿದ ಒಂದು ಮಾತು. ದೀಪ ಸರಿಮಾಡಲು, ಬೈಕು ತಡೆಯುವ ಕಂಬ ನೆಡಲು ಒಟ್ಟು ಖರ್ಚಿನ ಶೇಕಡಾ 5ರಷ್ಟನ್ನು ಮೊದಲೇ ತೆಗೆದಿಟ್ಟಿರಬೇಕು. ಆಡಿದ ಮಾತಿನ ವಿಷಯವನ್ನು ಸಮಿತಿಯ ಮುಂದಿನ ಸಭೆಯಲ್ಲೇ, ಹೇಳಿದವರ ಹೆಸರು ಹೊರಗೆ ಬಾರದಂತೆ, ಎತ್ತಿಕೊಳ್ಳಿ.